ಬೇಸಿಗೆಯ ಮಡುವಿಗೆ ಗಾಳ ಬೇಡ

ಪರೀಕ್ಷೆಗಳು ಮುಗಿದು ರಜೆ ಬಂತೆಂದರೆ ಬಯಲುಸೀಮೆಯ ಊರುಗಳಿಂದ ಮಲೆನಾಡಿನತ್ತ ಯುವಕರ ತಂಡಗಳು ಹೊರಡುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ವಿದ್ಯಾರ್ಥಿಗಳೂ ಈ ತಂಡಗಳಲ್ಲಿದ್ದಾರೆ. ಬೆನ್ನಿಗೊಂದು ಚೀಲ, ಚೀಲದಲ್ಲಿ ಹೊದಿಕೆ, ಅಕ್ಕಿ ಬೇಳೆ, ಒಂದು ಪಾತ್ರೆ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮಡಿಸಿಡುವ ಗಾಳದ ಕೋಲೂ ಸೇರಿಕೊಂಡಿದೆ. ಬೆಟ್ಟ ಹತ್ತುವುದು, ಹೊಳೆಯ ದಡದಲ್ಲಿ ಬಿಡಾರ ಹೂಡುವುದು, ಮೀನು ಹಿಡಿದು ಅಲ್ಲಿಯೇ ಸುಟ್ಟು ತಿನ್ನುವುದು: ಇದು ಈಗಿನ ಬೇಸಿಗೆ ಪ್ರವಾಸದ ಕನಸು.

ಈ ಕನಸಿನಲ್ಲಿ ಎರಡು ಭಾಗಗಳಿವೆ. ಕಾಲ್ನಡಿಗೆಯಲ್ಲಿ ಬೆಟ್ಟ ಕಾಡುಗಳನ್ನು ನೋಡುವುದು ಒಂದು, ಹೊಳೆಯ ಮೀನು ಹಿಡಿಯುವುದು ಇನ್ನೊಂದು. ಮೊದಲನೆಯದನ್ನು ನಾವು ಸ್ವಾಗತಿಸುತ್ತೇವೆ. ತನ್ನ ನದಿ ಹುಟ್ಟುವ ಜಾಗವನ್ನು ಕಾಲಿನಿಂದ ಅಳೆದು ನೋಡಿದವನು ಆ ನದಿಯನ್ನು ಸುಲಭವಾಗಿ ಕೈಬಿಡಲಾರ. ಎರಡನೆಯದನ್ನು, ಅಂದರೆ ಬೇಸಿಗೆಯಲ್ಲಿ ಮಲೆನಾಡಿನ ಹಳ್ಳ ಹೊಳೆಗಳ ಮಡುಗಳಲ್ಲಿ ಮೀನು ಹಿಡಿಯುವುದನ್ನು, ಬಂದವರೂ ಇದ್ದವರೂ ಒಟ್ಟಾಗಿ ಕೈಬಿಡಬೇಕೆಂಬುದು ಈ ಲೇಖನದ ನಿಲುವು. ಇದಕ್ಕೆ ಕಾರಣಗಳನ್ನು ವಿವರವಾಗಿ ಹೇಳಬೇಕಾಗಿದೆ.

ಮೊದಲು, ಈ ಕನಸು ಎಲ್ಲಿಂದ ಬಂತೆಂಬುದನ್ನು ನೋಡೋಣ. ಬೇಸಿಗೆ, ಬೆಟ್ಟದ ತೊರೆ, ಗಾಳ ಹಿಡಿದು ನಿಂತ ಪ್ರವಾಸಿ. ಈ ಚಿತ್ರದ ನಡುವೆ ಇರುವ ಮೀನು ಟ್ರೌಟ್. ಅದು ನಮ್ಮ ದೇಶದ ಮೀನಲ್ಲ. ತಮ್ಮ ನಾಡಿನ ಗಾಳದ ಸುಖವನ್ನು ಇಲ್ಲಿಯೂ ಬಯಸಿದ ಬ್ರಿಟಿಷರು ಅದರ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿದರು. ಕಾಶ್ಮೀರದಲ್ಲಿ 1900ರಲ್ಲಿ, ಕುಲು ಕಣಿವೆಯಲ್ಲಿ 1909ರಲ್ಲಿ ಅದು ನೆಲೆಗೊಂಡಿತು. ದಕ್ಷಿಣದಲ್ಲಿ ನೀಲಗಿರಿಯ ಎತ್ತರದ ತೊರೆಗಳಿಗೆ ಅದನ್ನು ತರುವ ಪ್ರಯತ್ನ 1860ರ ದಶಕದಲ್ಲಿಯೇ ಆರಂಭವಾಗಿ, ಹಲವು ಸೋಲುಗಳ ಅನಂತರ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಫಲಿಸಿತು. ಟ್ರೌಟ್ ತಂಪು ನೀರಿನ ಮೀನು. ನೀರಿನ ಶಾಖ 20 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದು ಕಷ್ಟಪಡುತ್ತದೆ. ಆದ್ದರಿಂದಲೇ ನಮ್ಮ ಮಲೆನಾಡಿನ ಹೊಳೆಗಳು ಟ್ರೌಟ್ ಹೊಳೆಗಳಾಗಲಿಲ್ಲ.

ಮೀನು ಬರಲಿಲ್ಲ; ಆದರೆ ಆ ಮೀನಿನ ಪಂಚಾಂಗ ಬಂದಿದೆ. ಅಪಾಯವಿರುವುದು ಇಲ್ಲಿಯೇ. ಹಿಮಾಲಯದ ನದಿಗಳು ಬೇಸಿಗೆಯಲ್ಲಿ ಹಿಮ ಕರಗಿ ತುಂಬಿಕೊಳ್ಳುತ್ತವೆ. ಅಲ್ಲಿಯ ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದಲ್ಲಿ. ಹಿಮಾಚಲ ಪ್ರದೇಶದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಟ್ರೌಟ್ ಹಿಡಿಯುವುದನ್ನು ನಿಷೇಧಿಸಿ, ಉಳಿದ ತಿಂಗಳುಗಳಲ್ಲಿ ಪರವಾನಗಿ ಪಡೆದವರಿಗೆ ಅವಕಾಶ ಕೊಡುತ್ತಾರೆ. ಮರಿಗಳಾಗುವ ಕಾಲ ಕಳೆದ ಮೇಲೆ, ನೀರು ಧಾರಾಳವಾಗಿರುವಾಗ ಗಾಳ ಹಾಕುವುದು ಅಲ್ಲಿಯ ಲೆಕ್ಕ. ಆ ಲೆಕ್ಕ ಅಲ್ಲಿಗೆ ಸರಿ. ಅದನ್ನೇ ಪಶ್ಚಿಮ ಘಟ್ಟಕ್ಕೆ ತಂದರೆ ಎಲ್ಲವೂ ತಲೆಕೆಳಗಾಗುತ್ತದೆ. ನಮ್ಮಲ್ಲಿ ಬೇಸಿಗೆಯೆಂದರೆ ಹೊಳೆ ಬಡವಾಗುವ ಕಾಲ. ನಮ್ಮ ಮೀನುಗಳಲ್ಲಿ ಹೆಚ್ಚಿನವು ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಹಾಗಾಗಿ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಹೊಳೆಯಲ್ಲಿರುವ ದೊಡ್ಡ ಮೀನೆಂದರೆ ಇನ್ನೂ ಮರಿ ಮಾಡದೆ ಮಳೆಗಾಗಿ ಕಾಯುತ್ತಿರುವ ಮೀನು.

ಮಲೆನಾಡಿನ ಹಳ್ಳಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಾರ್ಚ್ ತಿಂಗಳ ಹೊತ್ತಿಗೆ ಹಳ್ಳಗಳ ಹರಿವು ಎಳೆಯಷ್ಟಾಗುತ್ತದೆ. ಎಷ್ಟೋ ಹಳ್ಳಗಳಲ್ಲಿ ನಿಂತೇ ಹೋಗುತ್ತದೆ. ಬಂಡೆಗಳ ನಡುವೆ, ಹೊಳೆಮತ್ತಿ ಅತ್ತಿ ನೇರಳೆ ಮರಗಳ ನೆರಳಿನಲ್ಲಿ ಅಲ್ಲೊಂದು ಇಲ್ಲೊಂದು ಮಡು ಉಳಿಯುತ್ತದೆ. ಮೈಲುಗಟ್ಟಲೆ ಹೊಳೆಯಲ್ಲಿ ಹರಡಿಕೊಂಡಿದ್ದ ಮೀನುಗಳೆಲ್ಲ ಆ ಮಡುಗಳಿಗೆ ಬಂದು ಸೇರುತ್ತವೆ. ಅಲ್ಲಿ ಅವುಗಳಿಗೆ ಮೇವು ಕಡಿಮೆ, ಗಾಳಿಯೂ ಕಡಿಮೆ. 10 ಡಿಗ್ರಿ ಶಾಖದ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಗೆ ಕಾದಾಗ ಸುಮಾರು ಏಳೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ. ಕೊರವ, ಮುರುಗೋಡಿನಂಥ ಕೆಲವು ಮೀನುಗಳು ಮೇಲಕ್ಕೆ ಬಂದು ಹೊರಗಿನ ಗಾಳಿಯನ್ನೇ ಎಳೆದುಕೊಳ್ಳಬಲ್ಲವು. ಉಳಿದವು ನೆರಳಿನ ಆಳದಲ್ಲಿ ಅಲುಗದೆ ದಿನ ನೂಕುತ್ತವೆ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆಂಪು ನೀರು ಬಂದಾಗ ಈ ಮಡುಗಳ ಮೀನುಗಳೇ ಹೊರಬಿದ್ದು ಹರಿವಿಗೆ ಎದುರಾಗಿ ಏರುತ್ತವೆ. ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹತ್ತಿ ಮೊಟ್ಟೆಯಿಡುತ್ತವೆ. ಮಲೆನಾಡಿನವರು ಹತ್ತುಮೀನು ಎಂದು ಕರೆಯುವುದು ಇವನ್ನೇ. ಒಂದು ಹೊಳೆಯ ಉದ್ದಕ್ಕೂ ಮುಂದಿನ ವರ್ಷ ಎಷ್ಟು ಮೀನಿರುತ್ತದೆ ಎಂಬುದು ಮೇ ತಿಂಗಳ ಮಡುವಿನಲ್ಲಿ ಎಷ್ಟು ಮೀನು ಬದುಕಿ ಉಳಿಯಿತು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ರೈತನ ಮನೆಯಲ್ಲಿ ಊಟದ ಭತ್ತ ಬೇರೆ, ಬಿತ್ತನೆಯ ಭತ್ತ ಬೇರೆ. ಎಷ್ಟೇ ಬಡತನವಿದ್ದರೂ ಬಿತ್ತನೆಯ ಮುಡಿಗೆ ಕೈಹಾಕುವುದಿಲ್ಲ. ಬೇಸಿಗೆಯ ಮಡು ಹೊಳೆಯ ಬಿತ್ತನೆಯ ಮುಡಿ.

ಈ ಮುಡಿಗೆ ಕೈಹಾಕುವವರು ಹೊರಗಿನಿಂದ ಬಂದವರು ಮಾತ್ರವೇ? ಅಲ್ಲ. ಈ ಪತ್ರಿಕೆಯನ್ನು ಓದುವ ಊರುಗಳಲ್ಲಿಯೂ ಮಡುವಿಗೆ ವಿಷ ಹಾಕುವವರಿದ್ದಾರೆ. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು. ಈಗ ತೋಟಕ್ಕೆ ತಂದ ಕೀಟನಾಶಕದ ಡಬ್ಬಿಯೇ ಸಾಕಾಗುತ್ತದೆ. ಕೆಲವರು ತೋಟೆ ಸಿಡಿಸುತ್ತಾರೆ, ಇನ್ನು ಕೆಲವರು ಬ್ಯಾಟರಿಯಿಂದ ನೀರಿಗೆ ಕರೆಂಟು ಹರಿಸುತ್ತಾರೆ. ಇವುಗಳಲ್ಲಿ ಯಾವುದೂ ಬೇಕಾದ ಮೀನನ್ನು ಆರಿಸಿಕೊಳ್ಳುವುದಿಲ್ಲ. ಬೆರಳುದ್ದದ ಮರಿ, ಏಡಿ, ಕಪ್ಪೆ, ನೀರುಹುಳು ಎಲ್ಲವೂ ಸಾಯುತ್ತವೆ. ಆ ನೀರನ್ನೇ ದನಗಳು ಕುಡಿಯುತ್ತವೆ.

ಇದು ಹೊಸ ರೋಗವೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಹೆಸರುವಾಸಿ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಗಾಳದ ಹುಚ್ಚಿದ್ದ ಆ ಅಧಿಕಾರಿಯೇ ಘಟ್ಟದ ಹೊಳೆಗಳಿಗೆ ವಿಷ ಹಾಕುವುದನ್ನೂ ಮರಿಗಳನ್ನು ಬಾಚುವ ಸಣ್ಣ ಕಣ್ಣಿನ ಬಲೆಗಳನ್ನೂ ಕಂಡು ಕಳವಳಪಟ್ಟಿದ್ದ. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯು ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಶತಮಾನ ಕಳೆದರೂ ಆ ಪಿಡುಗು ಹೋಗಿಲ್ಲ. 1996ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಜನ ದೇವರ ಮೀನೆಂದು ಅಕ್ಕಿ ಹಾಕಿ ಸಾಕಿದ್ದ ಸಾವಿರಾರು ಮೀನುಗಳು ದುಷ್ಕರ್ಮಿಗಳು ಹಾಕಿದ ವಿಷಕ್ಕೆ ಸತ್ತು ತೇಲಿದವು. ದೇವಾಲಯದ ಎದುರಿನ ನೀರಿಗೇ ಈ ಗತಿಯಾದರೆ, ಕಾಡಿನ ನಡುವಿನ ಹೆಸರಿಲ್ಲದ ಮಡುವನ್ನು ಕಾಯುವವರು ಯಾರು?

ಇಲ್ಲಿ ವಿದ್ಯಾರ್ಥಿ ಮಿತ್ರರು ಒಂದು ಆಕ್ಷೇಪ ಎತ್ತಬಹುದು. “ವಿಷ ಹಾಕುವವರನ್ನೂ ಗಾಳ ಹಾಕುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ನಾವು ಹಿಡಿಯುವುದು ಒಂದೋ ಎರಡೋ. ಕೆಲವೊಮ್ಮೆ ಹಿಡಿದದ್ದನ್ನು ಮತ್ತೆ ನೀರಿಗೇ ಬಿಡುತ್ತೇವೆ.” ಈ ಮಾತಿನಲ್ಲಿ ಸತ್ಯವಿದೆ. ಗಾಳವು ವಿಷವಲ್ಲ. ಗಾಳ ಹಿಡಿದು ಕೂತವನಿಗೆ ಹೊಳೆಯೊಂದು ಪಾಠಶಾಲೆಯೂ ಆಗಬಲ್ಲದು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಗಾಳದ ಶಿಕಾರಿಯಲ್ಲಿ ಪಳಗಿದವರು. ಮೀನಿಗಾಗಿ ಕಾದು ಕೂತ ಆ ತಾಳ್ಮೆ ಹಕ್ಕಿ, ಹುಳು, ಕಾಡುಗಳನ್ನು ನೋಡುವ ಅವರ ಕಣ್ಣಿಗೂ ಬಂದಿತ್ತು ಎಂದು ನಾವು ಭಾವಿಸುತ್ತೇವೆ. ಆದ್ದರಿಂದ ಗಾಳವನ್ನೇ ಮುರಿದು ಹಾಕಿ ಎಂದು ನಾವು ಹೇಳುತ್ತಿಲ್ಲ. ನಮ್ಮ ತಕರಾರು ಇರುವುದು ಕಾಲ ಮತ್ತು ಜಾಗದ ಬಗ್ಗೆ.

ತುಂಬಿ ಹರಿಯುವ ನದಿಯಲ್ಲಿ ಗಾಳಕ್ಕೆ ಸಿಕ್ಕುವ ಒಂದು ಮೀನು ಸಾವಿರದಲ್ಲಿ ಒಂದು. ಬತ್ತಿದ ಹಳ್ಳದ ಮಡುವಿನಲ್ಲಿ ಸಿಕ್ಕುವ ಒಂದು ಮೀನು ಇಪ್ಪತ್ತರಲ್ಲಿ ಒಂದಾಗಿರಬಹುದು. ಗಾಳಕ್ಕೆ ಮೊದಲು ಬೀಳುವುದು ಸಾಮಾನ್ಯವಾಗಿ ದೊಡ್ಡ ಮೀನು. ದೊಡ್ಡ ಹೆಣ್ಣುಮೀನಿನ ಹೊಟ್ಟೆಯಲ್ಲಿ ಸಾವಿರಗಟ್ಟಲೆ ಮೊಟ್ಟೆಗಳಿರುತ್ತವೆ. ಹಿಡಿದು ಬಿಟ್ಟರೂ ಕೆಡುಕು ತಪ್ಪುವುದಿಲ್ಲ. ಮೊದಲೇ ಉಸಿರಿಗೆ ಕಷ್ಟಪಡುತ್ತಿರುವ ಮೀನು ಗಾಳದೊಡನೆ ಸೆಣಸಿ, ಫೋಟೊ ತೆಗೆಯುವವರೆಗೆ ನೀರಿನಿಂದ ಹೊರಗಿದ್ದು, ಮತ್ತೆ ಬಿಸಿ ನೀರಿಗೆ ಬಿದ್ದರೆ ಬದುಕುವ ಭರವಸೆಯಿಲ್ಲ. ಈಜಿ ಹೋಗುವುದನ್ನು ನಾವು ನೋಡುತ್ತೇವೆ. ಆಮೇಲೆ ಆದದ್ದನ್ನು ನೋಡಲು ನಾವಲ್ಲಿ ಇರುವುದಿಲ್ಲ.

ಒಳ್ಳೆಯ ಉದ್ದೇಶವೊಂದೇ ಹೊಳೆಯನ್ನು ಕಾಯುವುದಿಲ್ಲ ಎಂಬುದಕ್ಕೆ ಕಾವೇರಿಯ ಕಥೆ ಸಾಕ್ಷಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳ ಶಿಬಿರಗಳಿಗೆ ಮಹಶೀರ್ ಮೀನಿನ ಆಸೆಯಿಂದ ಹಲವು ದೇಶಗಳ ಜನ ಬರುತ್ತಿದ್ದರು. ಹಿಡಿದ ಮೀನನ್ನು ತೂಗಿ, ಬರೆದಿಟ್ಟುಕೊಂಡು ಬಿಟ್ಟುಬಿಡುವುದು ಅಲ್ಲಿಯ ನಿಯಮವಾಗಿತ್ತು. ಆ ಶಿಬಿರಗಳಿಂದ ಕಾವಲು ಹೆಚ್ಚಿ ತೋಟೆಯ ಹಾವಳಿ ತಗ್ಗಿತ್ತೆಂಬುದನ್ನೂ ಒಪ್ಪಬೇಕು. ಆದರೆ ಮೀನು ಹೆಚ್ಚಲೆಂಬ ಸದುದ್ದೇಶದಿಂದ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅದು ಕೃಷ್ಣಾ ಕೊಳ್ಳದ ಮೀನು. ಬಂದ ಮೀನು ಹೆಚ್ಚಿತು. ಕಾವೇರಿ ಕೊಳ್ಳದಲ್ಲಲ್ಲದೆ ಲೋಕದ ಬೇರೆಲ್ಲಿಯೂ ಇಲ್ಲದ ಡುಬ್ಬದ ಮಹಶೀರ್ ಕ್ಷೀಣಿಸಿತು. ಈ ಇಳಿಮುಖ ಗೊತ್ತಾದದ್ದು ಗಾಳಗಾರರೇ ಬರೆದಿಟ್ಟ ಲೆಕ್ಕಗಳಿಂದ. ವನ್ಯಧಾಮದ ಒಳಗಿನ ಆ ಗಾಳದ ಶಿಬಿರಗಳು 2010ರ ಸುಮಾರಿಗೆ ನಿಂತವು. 2018ರಲ್ಲಿ ಡುಬ್ಬದ ಮಹಶೀರ್ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿತು. ಎಲ್ಲಿಯ ಮೀನು, ಯಾವ ಕಾಲ, ಯಾವ ನೀರು ಎಂದು ಕೇಳದೆ ತೋರಿಸುವ ಪ್ರೀತಿಯೂ ಹೊಳೆಗೆ ಭಾರವಾಗುತ್ತದೆ.

ಇನ್ನೊಂದು ಆಕ್ಷೇಪವೂ ಇದೆ. “ಗಣಿ, ಅಣೆಕಟ್ಟು, ಮರಳು ಲೂಟಿ, ತೋಟದ ವಿಷ ಇವೆಲ್ಲ ಹೊಳೆಯನ್ನು ಕೊಲ್ಲುತ್ತಿರುವಾಗ ನಾಲ್ಕು ಹುಡುಗರ ಗಾಳದ ಮಾತೇಕೆ?” ದೊಡ್ಡ ಕೇಡುಗಳ ವಿರುದ್ಧದ ಹೋರಾಟವನ್ನು ನಾವು ಬಿಟ್ಟಿಲ್ಲ; ಬಿಡುವುದೂ ಇಲ್ಲ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತದ್ದು ಬಹುಕಾಲದ ಜನಾಂದೋಲನದ ಫಲ. ಅಂದು ಭದ್ರೆಗೆ ಹರಿಯುತ್ತಿದ್ದ ಗಣಿಯ ಹೂಳಿನ ವಿರುದ್ಧ ದನಿಯೆತ್ತಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಹಾಗೆ ಉಳಿಸಿಕೊಂಡ ಹೊಳೆಯಲ್ಲಿ ಬೀಜದ ಮೀನೇ ಇಲ್ಲದಂತಾದರೆ ಉಳಿಸಿದ್ದಾದರೂ ಏನನ್ನು? ಕೋರ್ಟಿಗೆ ಹೋಗಿ ಗೆಲ್ಲಬೇಕಾದ ಕೆಲಸಗಳಿವೆ. ಇಂದೇ, ನಮ್ಮ ಕೈಯಿಂದಲೇ ಆಗುವ ಕೆಲಸಗಳೂ ಇವೆ. ಮಡುವಿಗೆ ಗಾಳ ಹಾಕದಿರುವುದು ಎರಡನೆಯ ಬಗೆಯದು.

ಈಗ ಕಾಲ್ನಡಿಗೆಯ ಮಾತು. ನಡೆಯುವುದಕ್ಕೂ ಮಿತಿ ಬೇಕೆಂಬುದನ್ನು ಕುಮಾರಪರ್ವತ ತೋರಿಸಿಕೊಟ್ಟಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನಜಂಗುಳಿಯನ್ನು ನಾಡೆಲ್ಲ ನೋಡಿತು. ಅದರ ಬೆನ್ನಿಗೇ ಮುಂಗಡ ಕಾದಿರಿಸುವ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅನಂತರ ಆನ್‌ಲೈನ್ ಟಿಕೆಟ್ ಜಾರಿಗೆ ಬಂದು, ಹೆಸರುವಾಸಿ ಹಾದಿಗಳಲ್ಲಿ ದಿನಕ್ಕೆ 300 ಮಂದಿಯ ಮಿತಿ ಬಂತು. ಬೇಸಿಗೆಯಲ್ಲಿ ಬೆಂಕಿಯ ಭಯದಿಂದ ಅರಣ್ಯ ಇಲಾಖೆ ಹಲವು ಹಾದಿಗಳನ್ನು ಮುಚ್ಚುವುದುಂಟು. ಒಣಗಿದ ಹುಲ್ಲುಗಾವಲಿಗೆ ಮೀನು ಸುಡುವ ಒಲೆಯ ಒಂದು ಕಿಡಿ ಸಾಕು. ಹುಲ್ಲುಗಾವಲು ಸುಟ್ಟರೆ ಮಳೆನೀರನ್ನು ಹೀರಿ ಶೋಲಾ ಕಾಡಿನೊಡನೆ ಹಿಡಿದಿಡುವ ಮಣ್ಣು ಬರಿದಾಗುತ್ತದೆ. ಮಣ್ಣು ಜಾರಿದರೆ ಕೆಳಗಿನ ಮಡು ತುಂಬಿಹೋಗುತ್ತದೆ. ಮೀನು, ಬೆಂಕಿ, ನೀರು ಮೂರೂ ಒಂದೇ ಲೆಕ್ಕದೊಳಗಿವೆ.

ಇಷ್ಟೆಲ್ಲವನ್ನು ಚನ್ನಗಿರಿ, ಹೊನ್ನಾಳಿಗಳ ವಿದ್ಯಾರ್ಥಿಗಳಿಗೇ ಏಕೆ ಹೇಳಬೇಕು? ಈ ಎರಡು ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಿಲ್ಲೆಯ ಗಡಿ ಬದಲಾದರೂ ನೀರಿನ ದಾರಿ ಬದಲಾಗಲಿಲ್ಲ. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳನ್ನೂ, ಭದ್ರೆ ಕಳಸ, ಬಾಳೆಹೊನ್ನೂರು, ಭದ್ರಾವತಿಗಳನ್ನೂ ದಾಟಿ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಗೆ ಬರುತ್ತವೆ. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯದೂ ಅದೇ ನದಿಯ ನಂಟು. ಚನ್ನಗಿರಿಯ ಅಡಿಕೆ ತೋಟಗಳಿಗೆ ಜೀವ ಭದ್ರಾ ನಾಲೆ. ಮಳೆ ನೆಚ್ಚಿಕೊಂಡ ಜಗಳೂರಿಗೂ ಈಗ ಹರಿಹರ ತಾಲ್ಲೂಕಿನ ದೀಟೂರಿನ ಬಳಿಯಿಂದ ತುಂಗಭದ್ರೆಯ ನೀರನ್ನೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದಿದೆ. ಘಟ್ಟದ ಮಡುವಿನಲ್ಲಿ ನಿಂತ ನೀರು ನಾಳೆ ಜಗಳೂರಿನ ಕೆರೆಗೆ ಬರಬೇಕಾದ ನೀರು. ಬೆಟ್ಟಕ್ಕೆ ಬರುವ ಈ ಯುವಕರು ಪರಸ್ಥಳದ ಅತಿಥಿಗಳಲ್ಲ, ಅದೇ ಹೊಳೆಯ ಕೆಳಗಿನ ಪಾಲುದಾರರು.

ಮೀನಿನ ಆಸೆ ಇದ್ದವರಿಗೆ ಅವರ ಊರಿನಲ್ಲಿಯೇ ಸರಿಯಾದ ಜಾಗವಿದೆ. ಬೇಸಿಗೆಯಲ್ಲಿ ಪೂರ್ತಿ ಬತ್ತುವ ಕೆರೆಯ ಮೀನು ಹೇಗಿದ್ದರೂ ಸಾಯುವ ಮೀನು. ಅದನ್ನು ಹಿಡಿದರೆ ಹದ್ದು ಕಾಗೆಗಳ ಪಾಲನ್ನು ಹಂಚಿಕೊಂಡಂತೆ, ಅಷ್ಟೇ. ಮಲೆನಾಡಿನ ಅಂಚಿನ ಊರುಗಳಲ್ಲಿ ನಡೆಯುವ ಕೆರೆಬೇಟೆಯ ಹಿಂದಿರುವುದು ಇದೇ ವಿವೇಕ. ನೀರು ತಳಕ್ಕಿಳಿದಾಗ, ಊರು ಗೊತ್ತುಮಾಡಿದ ದಿನ, ಬಿದಿರಿನ ಕೂಣಿ ಹಿಡಿದು ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಬೇಟೆಗೆ ಒಂದು ದಿನವಿದೆ, ಒಂದು ಸಾಧನವಿದೆ, ಊರಿನ ಒಪ್ಪಿಗೆಯಿದೆ. ಸೂಳೆಕೆರೆಯಂಥ ವರ್ಷಪೂರ್ತಿ ನೀರು ನಿಲ್ಲುವ ಕೆರೆಗಳ ಮಾತು ಬೇರೆ. ಅಲ್ಲಿ ಮೀನಿನಿಂದಲೇ ಹೊಟ್ಟೆ ಹೊರೆಯುವ ಕುಟುಂಬಗಳಿವೆ, ಗುತ್ತಿಗೆಯ ಹಕ್ಕುಗಳಿವೆ. ಕೇಳಿ, ಒಪ್ಪಿಗೆ ಪಡೆದು ಗಾಳ ಹಾಕಬೇಕು.

ನಡೆಯುವ ಆಸೆಗೂ ಹತ್ತಿರದಲ್ಲಿ ಜಾಗಗಳಿವೆ. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರ ಬೆಟ್ಟದಲ್ಲಿ ಬೇಸಿಗೆಯಲ್ಲೂ ಬತ್ತದ ನೀರಿನ ಸೆಲೆಯಿದೆ. ಚನ್ನಗಿರಿಯ ಕೋಟೆಬೆಟ್ಟವಿದೆ. ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡು ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ವನ್ಯಧಾಮವಾಯಿತು. ಇಲಾಖೆಯ ಅನುಮತಿ ಪಡೆದು ಅಲ್ಲಿ ಒಂದು ದಿನ ಕಳೆದರೆ, ಕಾಡೆಂದರೆ ಹಸಿರು ಮಾತ್ರವಲ್ಲ ಎಂಬುದು ತಿಳಿಯುತ್ತದೆ.

ನಮ್ಮ ಬೇಡಿಕೆಗಳು ಹೆಚ್ಚಿನವಲ್ಲ. ಫೆಬ್ರವರಿಯಿಂದ ಮುಂಗಾರು ಹಿಡಿದು ಮೀನು ಹತ್ತಿ ಮೊಟ್ಟೆಯಿಡುವವರೆಗೆ ಮಲೆನಾಡಿನ ಹಳ್ಳ ಹೊಳೆಗಳ ಮಡುಗಳಿಗೆ ಯಾರೂ ಗಾಳ, ಬಲೆ ಹಾಕದಿರಲಿ. ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳಲ್ಲಿ ಇದು ಯಾವ ಕಾಲಕ್ಕೂ ಸಲ್ಲದ ಕೆಲಸವೆಂಬುದು ನೆನಪಿರಲಿ. ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ತನ್ನ ಎಲ್ಲೆಯೊಳಗಿನ ಬತ್ತದ ಮಡುಗಳನ್ನು ಪಟ್ಟಿಮಾಡಿ, ಕನಿಷ್ಠ ಒಂದನ್ನಾದರೂ ಊರಿನ ಮೀನುಮಡುವೆಂದು ಗ್ರಾಮಸಭೆಯಲ್ಲಿ ಘೋಷಿಸಲಿ. ಶೃಂಗೇರಿಯ ಮಠದ ಎದುರು, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನುಗಳು ಉಳಿದಿರುವುದು ಜನರ ಭಕ್ತಿಯಿಂದ. ಭಕ್ತಿ ಇಲ್ಲದ ಕಡೆ ಊರಿನ ನಿರ್ಣಯ ಆ ಕೆಲಸ ಮಾಡಲಿ. ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಹೊಳೆಮೀನಿನ ಆಸೆ ತೋರಿಸುವುದನ್ನು ನಿಲ್ಲಿಸಿ, ಹಾದಿ ಬಲ್ಲ ಊರಿನ ಹುಡುಗರನ್ನು ಸರಿಯಾದ ಕೂಲಿ ಕೊಟ್ಟು ಜೊತೆಗೆ ಕಳುಹಿಸಲಿ.

ವಿದ್ಯಾರ್ಥಿ ಮಿತ್ರರೆ, ಬನ್ನಿ. ಬೆನ್ನಚೀಲದಲ್ಲಿ ಗಾಳದ ಬದಲು ಒಂದು ನೋಟುಪುಸ್ತಕ ಇರಲಿ. ಮಡುವಿನ ಆಳ ಎಷ್ಟು, ನೆರಳು ಎಷ್ಟು, ಯಾವ ಮೀನು ಕಂಡಿತು, ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬರೆದು ನಮ್ಮ ಬಳಗಕ್ಕೆ ಕಳುಹಿಸಿ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಇನ್ನೊಮ್ಮೆ ಬನ್ನಿ. ಬೇಸಿಗೆಯಲ್ಲಿ ನೀವು ಮುಟ್ಟದೆ ಬಿಟ್ಟ ಮೀನು ಕೆಂಪು ನೀರಿಗೆ ಎದುರಾಗಿ ಗದ್ದೆಯ ಬದು ಹತ್ತುವುದನ್ನು ಕಣ್ಣಾರೆ ನೋಡಿಕೊಂಡು ಹೋಗಿ.